ಜರ್ಮನಿಯ ಒಂದು ಸಣ್ಣ ಪಕ್ಷದ ಚರಿತ್ರೆ ಬರೆಯುವುದು ಹೇಗೆ?

ಬೀದರ್‌ನಲ್ಲಿ ರಾಜ್ಯಶಾಸ್ತ್ರ ಓದುವ ಹುಡುಗರು ಸೆಮಿನಾರ್‌ಗೆ ಯಾವ ವಿದೇಶಿ ಪಕ್ಷ ತಗೊಳ್ಳಲಿ ಅಂತ ಕೇಳಿದರೆ ನಾನು ಒಂದೇ ಹೆಸರು ಹೇಳುತ್ತೇನೆ: ದಕ್ಷಿಣ ಶ್ಲೆಸ್ವಿಗ್ ಮತದಾರರ ಸಂಘ, ಚಿಕ್ಕದಾಗಿ ಎಸ್‌ಎಸ್‌ಡಬ್ಲ್ಯೂ. ಜರ್ಮನಿಯ ಉತ್ತರ ತುದಿಯಲ್ಲಿರುವ ಡೇನಿಶ್ ಮತ್ತು ಫ್ರಿಸಿಯನ್ ಜನರ ಪಕ್ಷ ಇದು. 1948ರಲ್ಲಿ ಹುಟ್ಟಿದ್ದು. ಗಡಿ ಊರಿನವರಿಗೆ ಇದಕ್ಕಿಂತ ಒಳ್ಳೆ ವಿಷಯ ಸಿಗುವುದಿಲ್ಲ.

ಮೊದಲೇ ಚುನಾವಣೆ ಅಂಕಿ ಮುಟ್ಟಬೇಡಿ. ಒಂದು ಹಾಳೆ ತಗೊಂಡು ನಕ್ಷೆ ಬರೆಯಿರಿ. ಮೇಲೆ ಡೆನ್ಮಾರ್ಕ್, ಕೆಳಗೆ ಜರ್ಮನಿ, ನಡುವೆ ಶ್ಲೆಸ್ವಿಗ್. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ಶ್ಲೆಸ್ವಿಗ್ ಕಳೆದುಕೊಂಡಿತು, ಆಮೇಲೆ ಅದು ಆಗಿನ ದೊಡ್ಡ ಜರ್ಮನ್ ರಾಜ್ಯವಾದ ಪ್ರಶ್ಯಾದ ಪಾಲಾಯಿತು. 1920ರಲ್ಲಿ ಜನರನ್ನೇ ಕೇಳಿದರು. ಉತ್ತರದ ಭಾಗ ಡೆನ್ಮಾರ್ಕ್ ಅಂದಿತು, ಫ್ಲೆನ್ಸ್‌ಬರ್ಗ್ ಇರುವ ಭಾಗ ಜರ್ಮನಿ ಅಂದಿತು. ಆ ಗೆರೆ ಎಳೆದು, ಎರಡೂ ಕಡೆ ಒಂದೊಂದು ಚುಕ್ಕಿ ಇಡಿ: ಕೆಳಗೆ ಉಳಿದುಕೊಂಡ ಡೇನಿಶರು, ಮೇಲೆ ಉಳಿದುಕೊಂಡ ಜರ್ಮನರು. ಎರಡೂ ಚುಕ್ಕಿ ಮುಂದೆ ಬೇಕಾಗುತ್ತವೆ.

ನಮ್ಮದು ದೇಶದ ಗಡಿ ಅಲ್ಲ, ರಾಜ್ಯದ ಗಡಿ, ಆದರೂ ಈ ಚುಕ್ಕಿ ನಮಗೆ ಬೇಗ ಅರ್ಥವಾಗುತ್ತದೆ. 1956ರ ತನಕ ಉದಗೀರ, ನಿಲಂಗಾ ಬೀದರ್ ಜಿಲ್ಲೆಯಲ್ಲೇ ಇದ್ದವು. ನಮ್ಮ ಆಯಿಯ ತವರು ಉದಗೀರ. ಒಲೆ ಮುಂದೆ ಮರಾಠಿ, ಕಟ್ಟೆ ಮೇಲೆ ಕೂತರೆ ಕನ್ನಡ, ಅಂಗಡಿಗೆ ಹೋದರೆ ಉರ್ದು. ಗೆರೆ ಬಿದ್ದ ಮೇಲೂ ಆಕೆ ಹಾಗೇ ಮಾತಾಡಿದಳು.

ಈಗ ಅಂಕಿಗೆ ಬನ್ನಿ. ನಾನು ಮೊದಲ ಸಲ ನೋಟ್ಸ್ ಮಾಡಿದಾಗ ಶ್ಲೆಸ್ವಿಗ್-ಹೋಲ್‌ಸ್ಟೈನ್, ಅಂದರೆ ಈ ಪಕ್ಷ ಇರುವ ಜರ್ಮನ್ ರಾಜ್ಯ, ಅದರ ವಿಧಾನಸಭೆಯ ಸೀಟು ಮಾತ್ರ ಬರೆದುಕೊಂಡಿದ್ದೆ. 1950ರಲ್ಲಿ 4, 1954ರಲ್ಲಿ ಸೊನ್ನೆ, 1958ರಲ್ಲಿ 2. ಪಕ್ಷ ಬಿತ್ತು, ಮತ್ತೆ ಎದ್ದಿತು ಅನಿಸುತ್ತದೆ ಅಲ್ವಾ? ಆಮೇಲೆ ಪಕ್ಕದಲ್ಲಿ ಮತದ ಪ್ರಮಾಣ ಬರೆದೆ: ಶೇ 5.5, ಶೇ 3.5, ಶೇ 2.8. ಮತ ಇಳಿಯುತ್ತಲೇ ಇದೆ, ಸೀಟು ಮಾತ್ರ ವಾಪಸ್ ಬಂದಿದೆ! ಹಾಗಾಗಿ ನಿಮ್ಮ ನೋಟ್‌ಬುಕ್‌ನಲ್ಲಿ ಮೂರನೇ ಕಾಲಂ ಇರಲೇಬೇಕು. ಅದರ ತಲೆಗೆ 'ನಿಯಮ' ಅಂತ ಬರೆಯಿರಿ. ಈ ಪಕ್ಷದ ನಿಜವಾದ ಕಥೆ ಇರುವುದು ಅಲ್ಲೇ.

ಆ ಕಾಲಂ ತುಂಬುವಾಗ ಅವಸರ ಮಾಡಬೇಡಿ. ಶೇ 5 ಮತ ಬರದ ಪಕ್ಷಕ್ಕೆ ಸಾಮಾನ್ಯವಾಗಿ ಸೀಟಿಲ್ಲ ಅನ್ನುವುದು ಜರ್ಮನಿಯ ಪದ್ಧತಿ. 1950ರಲ್ಲಿ ಎಸ್‌ಎಸ್‌ಡಬ್ಲ್ಯೂ ಆ ಗೆರೆ ದಾಟಿಬಿಟ್ಟಿತು. ಆಗ ರಾಜ್ಯದಲ್ಲಿ ಅಧಿಕಾರದಲ್ಲಿದ್ದವರು ಗೆರೆಯನ್ನೇ ಶೇ 7.5ಕ್ಕೆ ಏರಿಸಿದರು. 1952ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಆದರೆ ಶೇ 5 ಉಳಿಯಿತು, 1954ರಲ್ಲಿ ಪಕ್ಷ ಹೊರಗೆ ಬಿತ್ತು. ಅದೇ ಹೊತ್ತಿಗೆ ಪಶ್ಚಿಮ ಜರ್ಮನಿ ನೇಟೋ ಸೈನಿಕ ಕೂಟ ಸೇರಲು ಹೊರಟಿತ್ತು, ಡೆನ್ಮಾರ್ಕ್ ಆಗಲೇ ಅದರ ಸದಸ್ಯ. 1955ರ ಮಾರ್ಚ್ 29ರಂದು ಎರಡೂ ಸರ್ಕಾರ ಘೋಷಣೆ ಹೊರಡಿಸಿದವು: ನಮ್ಮ ಕಡೆ ಇರುವ ನಿಮ್ಮವರ ಹಕ್ಕು ಕಾಯುತ್ತೇವೆ ಅಂತ. ನಕ್ಷೆಯ ಎರಡೂ ಚುಕ್ಕಿಗೆ ಒಂದೇ ದಿನ ಮಾತು ಸಿಕ್ಕಿತು. ಡೇನಿಶ್ ಪಕ್ಷಕ್ಕೆ ಶೇ 5ರ ಗೆರೆಯಿಂದ ವಿನಾಯಿತಿಯೂ ಸಿಕ್ಕಿತು. ಸುಮ್ನೆ ಸೀಟು ಕೊಟ್ಟರು ಅಂತ ಮಾತ್ರ ಬರೆಯಬೇಡಿ, ತಪ್ಪಾಗುತ್ತದೆ. ಒಂದು ಸೀಟಿಗೆ ಬೇಕಾದಷ್ಟು ಮತ ಅವರೇ ತರಬೇಕು.

ಮುಂದಿನ ವರ್ಷಗಳನ್ನು ಎರಡು ಸಾಲಲ್ಲಿ ಮುಗಿಸಬಹುದು. ಬಹಳ ಕಾಲ ಒಂದೇ ಸೀಟು, ಅದರಲ್ಲಿ 1971ರಿಂದ 1996ರ ತನಕ ಕಾರ್ಲ್ ಒಟ್ಟೊ ಮೈಯರ್ ಒಬ್ಬರೇ.

2012ಕ್ಕೆ ಬಂದಾಗ ಮತ್ತೆ ನಿಧಾನಿಸಿ, ಕೂಡುವ ಲೆಕ್ಕವನ್ನು ಬೋರ್ಡ್ ಮೇಲೆ ಬರೆದು ತೋರಿಸಿ. ಸದನದಲ್ಲಿ 69 ಸೀಟು. ಸೋಷಿಯಲ್ ಡೆಮಾಕ್ರಟರು 22, ಗ್ರೀನ್ಸ್ 10, ಎಸ್‌ಎಸ್‌ಡಬ್ಲ್ಯೂ 3. ಒಟ್ಟು 35. ಒಂದೇ ಸೀಟಿನ ಬಹುಮತ! ಪಕ್ಷದ ಆಂಕೆ ಸ್ಪೋರೆಂಡೊಂಕ್ ನ್ಯಾಯ ಮತ್ತು ಸಂಸ್ಕೃತಿ ಸಚಿವೆಯಾದರು. ಶೇ 4.6 ಮತದ ಪಕ್ಷಕ್ಕೆ ಸೀಟು ಸರಿಯೇ ಅನ್ನುವ ತಕರಾರು ರಾಜ್ಯದ ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. 2013ರಲ್ಲಿ ಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ನನಗೆ ಆ ತೀರ್ಪು ಬಹಳ ಮುಖ್ಯ ಅನಿಸುತ್ತದೆ, ಯಾಕೆಂದರೆ ವಿರೋಧಪಕ್ಷದಲ್ಲಿ ಕೂತ ಸಣ್ಣವರನ್ನು ಎಲ್ಲರೂ ಸಹಿಸುತ್ತಾರೆ, ಅವರು ಸರ್ಕಾರ ಮಾಡಲು ಬಂದಾಗಲೇ ಹಕ್ಕಿನ ಪ್ರಶ್ನೆ ಏಳುತ್ತದೆ.

ಬುಂಡೆಸ್ಟಾಗ್, ಅಂದರೆ ಅವರ ಲೋಕಸಭೆ, ಅದಕ್ಕೆ ಬೇರೆ ಪುಟ ಇಡಿ, ಇಲ್ಲದಿದ್ದರೆ ಅಂಕಿ ಕಲಸಿಹೋಗುತ್ತವೆ. 1949ರಲ್ಲಿ ಹೆರ್ಮನ್ ಕ್ಲೌಸೆನ್ ಗೆದ್ದರು. 1961ರ ನಂತರ ಪಕ್ಷ ಆ ಚುನಾವಣೆಗೇ ನಿಲ್ಲಲಿಲ್ಲ. 2021ರಲ್ಲಿ ಮತ್ತೆ ನಿಂತು, 55 ಸಾವಿರಕ್ಕೂ ಜಾಸ್ತಿ ಮತ ಪಡೆದು ಸ್ಟೆಫಾನ್ ಸೈಡ್ಲರ್ ಒಳಗೆ ಹೋದರು. ಇಡೀ ದೇಶದ ಲೆಕ್ಕದಲ್ಲಿ ಅದು ಶೇ 0.1. 2025ರಲ್ಲೂ ಗೆದ್ದರು.

ಕೊನೆಗೆ ವಿಧಾನಸಭೆಯ ಪುಟಕ್ಕೆ ವಾಪಸ್ ಬಂದು 2022ರ ಸಾಲು ಸೇರಿಸಿ. ಸೀಟು 4, ಮತ ಶೇ 5.7. ನಿಯಮದ ಕಾಲಂನಲ್ಲಿ ಬರೆಯಿರಿ: ಈ ಸಲ ವಿನಾಯಿತಿ ಬೇಕಾಗಲಿಲ್ಲ.