ಕರಾವಳಿಯಲ್ಲಿ ಹಳೆಯ ಆರ್‌ಎಕ್ಸ್-7: ಇಂಜಿನ್ ಉಳಿಯಬೇಕಾದರೆ ಯಾವ ಕೆಲಸ ಮೊದಲು?

ಮಜ್ದಾ ಆರ್‌ಎಕ್ಸ್-7 ಎಂಬ ಸ್ಪೋರ್ಟ್ಸ್ ಕಾರಿನ ಕೊನೆಯ ತಲೆಮಾರು, ಅಂದರೆ 1991ರಿಂದ 2002ರವರೆಗೆ ತಯಾರಾದ ಎಫ್‌ಡಿ, ನಮ್ಮ ಕಡೆ ಕಣ್ಣಿಗೆ ಬೀಳುವುದೇ ಅಪರೂಪ. ಕಾಗದಪತ್ರ ಸರಿಯಿರುವ ಒಂದು ಕಾರು ಕೈಗೆ ಬಂದರೆ ಹೆಚ್ಚಿನವರು ಮೊದಲು ಕೈಹಾಕುವುದು ಎಕ್ಸಾಸ್ಟಿಗೆ. ಈ ಕ್ರಮವೇ ತಪ್ಪು. ಇದರ 13ಬಿ-ಆರ್‌ಇಡಬ್ಲ್ಯು ರೋಟರಿ ಇಂಜಿನ್ (ಪಿಸ್ಟನ್ ಬದಲು ಮೂರು ಮುಖದ ರೋಟರ್ ತಿರುಗುವಂಥದ್ದು) ಸಾಯುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಬಿಸಿ ಏರಿ ಕೂಲಂಟ್ ಸೀಲ್ ಹೋಗುವುದು, ಇಲ್ಲವೇ ಬೂಸ್ಟಿನಲ್ಲಿ (ಟರ್ಬೊ ಗಾಳಿಯನ್ನು ಒತ್ತಿ ತುಂಬುವಾಗ) ಪೆಟ್ರೋಲ್ ಸಾಲದೆ ನಾಕಿಂಗ್ ಆಗಿ, ರೋಟರಿನ ತುದಿಯ ಏಪೆಕ್ಸ್ ಸೀಲ್ ಮುರಿಯುವುದು. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಎರಡಕ್ಕೂ ದಾರಿ ಹತ್ತಿರ. ಹಾಗಾಗಿ ಮೊದಲ ವರ್ಷದ ದುಡ್ಡೆಲ್ಲ ತಂಪಿಗೆ, ಹೋಸುಗಳಿಗೆ ಮತ್ತು ಇಂಧನಕ್ಕೆ ಹೋಗಲಿ.

ಕಂಪ್ರೆಷನ್ (ಇಂಜಿನ್ ಒಳಗೆ ಗಾಳಿ ಒತ್ತುವ ಬಲ) ನೋಡದೆ ಯಾವ ಪಾರ್ಟ್ಸಿಗೂ ಆರ್ಡರ್ ಹಾಕಬೇಡಿ. ಮಾಮೂಲಿ ಗೇಜ್ ಒಂದು ರೋಟರಿನ ಮೂರು ಮುಖಗಳಲ್ಲಿ ಹೆಚ್ಚು ಒತ್ತಡ ಇರುವುದನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಕೆಟ್ಟ ಮುಖ ಅದರ ಹಿಂದೆ ಅಡಗಿಬಿಡುತ್ತದೆ. ರೋಟರಿ ಟೆಸ್ಟರ್ ಸಿಕ್ಕಿದರೆ ಒಳ್ಳೆಯದು. ಇಂಜಿನ್ ಬಿಸಿ ಇರುವಾಗ, ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಇಂಧನ ಮತ್ತು ಇಗ್ನಿಷನ್ ಕಡಿದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿ, ಅಂದರೆ ಸ್ಟಾರ್ಟರಿನಿಂದ ತಿರುಗಿಸಿ. 250 ಆರ್‌ಪಿಎಂನಲ್ಲಿ ಪ್ರತಿ ಮುಖಕ್ಕೂ ಕನಿಷ್ಠ 6.0 ಕೆಜಿ (ಚದರ ಸೆ.ಮೀ.ಗೆ) ಬರಬೇಕು, ಒಂದೇ ರೋಟರಿನ ಮುಖಗಳ ನಡುವೆ 1.5ಕ್ಕಿಂತ ಹೆಚ್ಚು ಅಂತರ ಇರಬಾರದು. ನಾವು ಸಮುದ್ರಮಟ್ಟದಲ್ಲೇ ಇರುವುದರಿಂದ ಎತ್ತರದ ಲೆಕ್ಕ ಹಾಕುವ ಕೆಲಸ ಇಲ್ಲ. ಟೆಸ್ಟರ್ ಇಲ್ಲದಿದ್ದರೆ ಕೆಳಗಿನ ಪ್ಲಗ್ ಬಿಚ್ಚಿ ಕಿವಿಗೊಡಿ. ಪುಸ್, ಪುಸ್, ಪುಸ್ ಎಂದು ಮೂರೂ ಒಂದೇ ಬಲದಲ್ಲಿ ಬರಬೇಕು. ಎರಡು ಗಟ್ಟಿ, ಒಂದು ಮೆತ್ತಗೆ ಕೇಳಿದರೆ ಇಂಜಿನ್ ಬಿಚ್ಚುವ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.

ಮುಂದಿನ ಕೆಲಸ ಬೆಂಕಿಗೆ ಸಂಬಂಧಿಸಿದ್ದು, ತಡ ಮಾಡಬಾರದು. ಇಂಜೆಕ್ಟರುಗಳಿಗೆ ಪೆಟ್ರೋಲ್ ಕೊಡುವ ಪ್ರೈಮರಿ ಫ್ಯೂಯಲ್ ರೇಲಿನಲ್ಲಿ, ಒತ್ತಡದ ಏರಿಳಿತ ತಗ್ಗಿಸಲು ಇರುವ ಪಲ್ಸೇಶನ್ ಡ್ಯಾಂಪರಿನ ಡಯಾಫ್ರಂ ಕಾಲಕ್ರಮೇಣ ಒಡೆದು ಪೆಟ್ರೋಲ್ ನೇರ ಬಿಸಿ ಇಂಜಿನ್ ಮೇಲೆ ತೊಟ್ಟಿಕ್ಕುತ್ತದೆ. ಇಂಜಿನ್ ಆರಿಸಿದ ಮೇಲೆ ಬಾನೆಟ್ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಆ ಕಾರನ್ನು ಓಡಿಸಲೇಬೇಡಿ. ಹೊಸ ಡ್ಯಾಂಪರ್ ಹಾಕಿ, ಇಲ್ಲವೇ ಅದರ ಜಾಗಕ್ಕೆ ಬ್ಯಾಂಜೋ ಬೋಲ್ಟ್ (ಒಳಗಿಂದ ಪೆಟ್ರೋಲ್ ಹಾದುಹೋಗುವ ತೂತಿನ ಬೋಲ್ಟ್) ಹಾಕಿ. ಅಲ್ಲಿಗೆ ಕೈ ತಲುಪಬೇಕಾದರೆ ಮೇಲಿನ ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಲೇಬೇಕು. ಬಿಚ್ಚಿದಾಗಲೇ ಉಳಿದದ್ದನ್ನೂ ಮುಗಿಸಿಬಿಡಿ: ಫ್ಯೂಯಲ್ ಹೋಸುಗಳು (ಎಥನಾಲ್ ತಡೆಯುವಂಥವು), ಇಂಜೆಕ್ಟರ್ ಓ-ರಿಂಗ್ ಮತ್ತು ಕ್ಲೀನಿಂಗ್, ವ್ಯಾಕ್ಯೂಮ್ ಹೋಸುಗಳು. ನಾಲ್ಕಕ್ಕೆ ನಾಲ್ಕು ಸಲ ಬಿಚ್ಚುವವರಿದ್ದಾರೆ. ಕೂಲಿಯೂ ದಂಡ, ಗ್ಯಾಸ್ಕೆಟ್ಟೂ ದಂಡ.

ವ್ಯಾಕ್ಯೂಮ್ ಹೋಸುಗಳ ಗೊಂಚಲನ್ನು ನೋಡಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಎರಡು ಟರ್ಬೊ ಒಂದಾದ ಮೇಲೊಂದು ಕೆಲಸ ಮಾಡುವ ಈ ವ್ಯವಸ್ಥೆಯನ್ನು ನಡೆಸುವುದೇ ಈ ಹೋಸುಗಳು ಮತ್ತು ಅವುಗಳ ಸೊಲೆನಾಯ್ಡುಗಳು (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವುಗಳು). ಹಳೇ ರಬ್ಬರ್ ಬಿಸಿಗೆ ಸುಟ್ಟು ಬಿಸ್ಕತ್ತಿನಂತೆ ಮುರಿಯುತ್ತದೆ. ಹೆಚ್ಚಿನವಕ್ಕೆ 4 ಮಿ.ಮೀ. ಒಳವ್ಯಾಸದ ಸಿಲಿಕೋನ್ ಹೋಸ್ ಸಾಕು. ಒಂದನ್ನು ಕಿತ್ತು ಅದೇ ಅಳತೆಯ ಹೊಸದನ್ನು ಹಾಕಿದ ಮೇಲೆಯೇ ಇನ್ನೊಂದನ್ನು ಮುಟ್ಟಿ. ಚೆಕ್ ವಾಲ್ವುಗಳನ್ನು ಬಾಯಿಂದ ಊದಿ ನೋಡಿ, ಒಂದೇ ದಿಕ್ಕಿಗೆ ಗಾಳಿ ಹೋಗಬೇಕು. ಸರಿಯಾಗಿದೆಯೇ ಎಂದು ತಿಳಿಯಲು ಬೂಸ್ಟ್ ಗೇಜ್ ಸಾಕು: 10 ಪಿಎಸ್‌ಐ ಏರಿ, 4500 ಆರ್‌ಪಿಎಂ ಸುತ್ತ 8ಕ್ಕೆ ಇಳಿದು, ಮತ್ತೆ 10ಕ್ಕೆ ಬರಬೇಕು. 4500ರ ಮೇಲೆ ಮೇಲಕ್ಕೇಳದೆ ಸೊರಗಿದರೆ ಎರಡನೇ ಟರ್ಬೊ ಬರುತ್ತಿಲ್ಲ. 12 ದಾಟಿದರೆ ಕೂಡಲೇ ಕಾಲು ತೆಗೆಯಿರಿ.

ಇನ್ನು ತಂಪು. ಈ ಇಂಜಿನಿನಲ್ಲಿ ಎರಕದ ಕಬ್ಬಿಣದ ತಟ್ಟೆಗಳ ನಡುವೆ ಅಲ್ಯೂಮಿನಿಯಂ ಹೌಸಿಂಗ್, ಮಧ್ಯೆ ರಬ್ಬರ್ ಸೀಲ್. ಎರಡು ಲೋಹ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಒಂದೇ ಸಲ ಮಿತಿಮೀರಿ ಕಾದರೂ ಸೀಲ್ ಮತ್ತೆ ಮೊದಲಿನಂತೆ ಕೂರುವುದಿಲ್ಲ. ಮೋಸ ಎಲ್ಲಿ ಎಂದರೆ, ಕಂಪನಿ ಮೀಟರಿನ ಮುಳ್ಳು ಇಂಜಿನ್ ಸಾಕಷ್ಟು ಕಾದರೂ ಮಧ್ಯದಲ್ಲೇ ನಿಂತಿರುತ್ತದೆ. ಅದು ಅಲುಗುವ ಹೊತ್ತಿಗೆ ತಡವಾಗಿರುತ್ತದೆ. ಡಿಗ್ರಿ ತೋರಿಸುವ ಬೇರೆ ಗೇಜ್ ಹಾಕಿಸಿ. 80ರಿಂದ 95 ಚೆನ್ನಾಗಿದೆ. 105 ಕಂಡರೆ ಬೂಸ್ಟ್ ಬಾರದಂತೆ ನಿಧಾನ ಓಡಿಸಿ, ಇಂಜಿನ್ ಬಿಸಿ ಹೊರಹೋಗಲು ಹೀಟರ್ ಪೂರ್ತಿ ಹಾಕಿ. 110ಕ್ಕೆ ಬದಿಗೆ ನಿಲ್ಲಿಸಿ.

ಕೂಲಂಟಿನಿಂದ ಗಾಳಿ ಬೇರ್ಪಡಿಸುವ ಏರ್ ಸಪರೇಟರ್ ಟ್ಯಾಂಕ್ ಎಂಬ ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಎರಡು ಅರ್ಧಗಳು ಕೂಡುವ ಜೋಡಿನ ಮೇಲೆ ಉಗುರು ಎಳೆದು ನೋಡಿ. ಬಿಳಿ ಅಥವಾ ಹಸಿರು ಒಣ ಗೀರು ಸಿಕ್ಕಿದರೆ ಅದು ಆಗಲೇ ಸೋರುತ್ತಿದೆ. ಸಿಗದಿದ್ದರೂ ಅಲ್ಯೂಮಿನಿಯಂ ಟ್ಯಾಂಕ್ ಹಾಕಿ, ಮುಚ್ಚಳ ಹೊಸದು, 0.9 ಬಾರ್‌ನದ್ದು. ಜೊತೆಗೆ ಅಲ್ಯೂಮಿನಿಯಂ ರೇಡಿಯೇಟರ್, ಹೊಸ ಥರ್ಮೋಸ್ಟಾಟ್, ಎಲ್ಲ ಹೋಸ್. ಕ್ಲಾಂಪುಗಳು ಸ್ಟೇನ್‌ಲೆಸ್ ಇರಲಿ. ಮಲ್ಪೆ ಕಡೆ ಬೋಟಿನ ಸಾಮಾನು ಮಾರುವಲ್ಲಿ ವಿಚಾರಿಸಿ. ಬಂಪರಿನ ಅಡಿಯ ಅಂಡರ್‌ಟ್ರೇ ಇಲ್ಲದ ಕಾರು ಬಹಳ. ಅದಿಲ್ಲದಿದ್ದರೆ ಗಾಳಿ ರೇಡಿಯೇಟರ್ ಒಳಗೆ ಹೋಗದೆ ಕೆಳಗೇ ಜಾರುತ್ತದೆ, ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಫಲವಿಲ್ಲ.

ಕಂಪನಿ ಫ್ಯಾನ್ 105 ಡಿಗ್ರಿಗೆ ತಿರುಗಲು ಶುರು. ಮಂಗಳೂರಿನ ಪಂಪ್‌ವೆಲ್ ಟ್ರಾಫಿಕ್ಕಿಗೆ ಅದು ತುಂಬ ತಡ. 95ಕ್ಕೆ ತಿರುಗುವ ಸ್ವಿಚ್ ಹಾಕಿಸಿ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ವೇಗ ಕಡಿಮೆ, ಲೋಡ್ ಹೆಚ್ಚು, ಗಾಳಿ ಇಲ್ಲ. ಕೂಲಿಂಗ್ ಸರಿಯಾಗಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸಿಹಿ ವಾಸನೆಯ ಬಿಳಿ ಹೊಗೆ, ಫಿಲ್ಲರ್ ಬಾಯಲ್ಲಿ ನಿಲ್ಲದ ಗುಳ್ಳೆ, ಪದೇಪದೇ ಕೂಲಂಟ್ ಬಝರ್: ಈ ಮೂರೂ ಕಂಡರೆ ಸೀಲ್ ಹೋಗಿದೆ, ಯಾವ ಲೀಕ್-ಸ್ಟಾಪ್ ಪುಡಿಯೂ ಅದನ್ನು ಉಳಿಸದು.

ಆಯಿಲ್ 5000 ಕಿ.ಮೀ.ಗೊಮ್ಮೆ ಬದಲಿಸಿ. ಈ ಇಂಜಿನ್ ಸೀಲುಗಳಿಗಾಗಿ ಆಯಿಲನ್ನು ತಾನೇ ಸುಡುತ್ತದೆ, ಎರಡು ಟ್ಯಾಂಕಿಗೊಮ್ಮೆಯಾದರೂ ಡಿಪ್‌ಸ್ಟಿಕ್ ನೋಡಿ. ಸೀಲುಗಳಿಗೆ ಆಯಿಲ್ ಬಿಡುವ ಮೀಟರಿಂಗ್ ಪಂಪ್ ಸರಿಯಿದ್ದರೂ ಲೀಟರಿಗೆ 4 ಮಿ.ಲೀ.ಯಂತೆ ಜಾಸೊ ಎಫ್‌ಡಿ ದರ್ಜೆಯ ಟೂ-ಸ್ಟ್ರೋಕ್ ಆಯಿಲ್ ಪೆಟ್ರೋಲಿಗೆ ಬೆರೆಸಿ. ಪಂಪ್ ತೆಗೆದಿದ್ದರೆ 8 ಮಿ.ಲೀ. ಮೊದಲು ಆಯಿಲ್, ಆಮೇಲೆ ಪೆಟ್ರೋಲ್. ಬೀಳುವ ರಭಸಕ್ಕೆ ತಾನೇ ಬೆರೆಯುತ್ತದೆ. ಪ್ಲಗ್: ಕೆಳಗೆ ಎನ್‌ಜಿಕೆ ಬಿಯುಆರ್7ಇಕ್ಯು, ಮೇಲೆ ಬಿಯುಆರ್9ಇಕ್ಯು, ವೈರುಗಳೂ ಹೊಸವು.

ಪೆಟ್ರೋಲಿನ ವಿಚಾರ ಗಂಭೀರ. ಶೇ. 20 ಎಥನಾಲ್ ಇರುವ ಪೆಟ್ರೋಲ್ ಉರಿಯಲು ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ. 7 ಹೆಚ್ಚು ಇಂಧನ ಬೇಕು. ಫುಲ್ ಬೂಸ್ಟಿನಲ್ಲಿ ಹಳೇ ಇಸಿಯು (ಇಂಜಿನ್ ಕಂಪ್ಯೂಟರ್) ಆಕ್ಸಿಜನ್ ಸೆನ್ಸರ್ ಮಾತು ಕೇಳುವುದಿಲ್ಲ, ಬರೆದಿಟ್ಟ ಲೆಕ್ಕದಂತೆ ಹಾಕುತ್ತದೆ, ಆದ್ದರಿಂದ ಮಿಶ್ರಣ ತೆಳುವಾಗುತ್ತದೆ. ಸಿಗುವುದರಲ್ಲಿ ಹೆಚ್ಚಿನ ಆಕ್ಟೇನ್ ಹಾಕಿ, ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಇಟ್ಟು, ಬೂಸ್ಟಿನಲ್ಲಿ 11:1 ಆಸುಪಾಸು ಬರುವಂತೆ ಟ್ಯೂನ್ ಮಾಡಿಸಿ. ಅದಾಗುವ ತನಕ ಡೌನ್‌ಪೈಪ್ (ಟರ್ಬೊದಿಂದ ಹೊರಡುವ ಎಕ್ಸಾಸ್ಟ್ ಪೈಪ್), ಫ್ರೀ-ಫ್ಲೋ ಎಕ್ಸಾಸ್ಟ್ ಬೇಡ. ಅವು ಬೂಸ್ಟನ್ನು ತಾವಾಗಿಯೇ ಏರಿಸುತ್ತವೆ.

ಉಪ್ಪುಗಾಳಿ ಮೊದಲು ಹಿಡಿಯುವುದು ಅರ್ತ್ ಪಾಯಿಂಟುಗಳನ್ನು. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ, ಪ್ರತಿಯೊಂದನ್ನೂ ಬಿಚ್ಚಿ ಉಜ್ಜಿ ಬಿಗಿಯಾಗಿ ಕೂರಿಸಿ, ಆಮೇಲೆ ಮೇಲಿಂದ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಪಣಂಬೂರು, ಕಾಪು ಬೀಚಿನ ಕಡೆ ಹೋಗಿ ಬಂದರೆ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ.

ಜೂನ್-ಜುಲೈಯಲ್ಲಿ ಕಾರು ಶೆಡ್ಡಿನಲ್ಲಿ ನಿಂತಿದ್ದಾಗ ಒಂದು ಎಚ್ಚರ: ಸ್ವಲ್ಪ ಆಚೆ ಸರಿಸಲೆಂದು ಸ್ಟಾರ್ಟ್ ಮಾಡಿ ತಣ್ಣಗಿರುವಾಗಲೇ ಆರಿಸಬೇಡಿ. ಪೆಟ್ರೋಲ್ ಒಳಗೆ ತುಂಬಿ ಆಯಿಲ್ ತೊಳೆದುಹೋಗಿ ಕಂಪ್ರೆಷನ್ ಬೀಳುತ್ತದೆ. ಕೈಯಿಂದ ತಳ್ಳಿ, ಇಲ್ಲವೇ ಪೂರ್ತಿ ಬಿಸಿಯಾಗುವ ತನಕ ಓಡಲಿ. ಆಗಿಯೇ ಹೋದರೆ ಇಜಿಐ (ಪೆಟ್ರೋಲ್ ಇಂಜೆಕ್ಷನ್ನಿನ) ಫ್ಯೂಸ್ ತೆಗೆದು, ಪ್ಲಗ್ ಬಿಚ್ಚಿ ಒಣಗಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ 10 ಸೆಕೆಂಡಿನಂತೆ ಬಿಟ್ಟುಬಿಟ್ಟು ಕ್ರ್ಯಾಂಕ್ ಮಾಡಿ. ಆಮೇಲೆ ಕೆಳಗಿನ ಪ್ಲಗ್ ತೂತುಗಳಿಗೆ 5 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್ ಬಿಟ್ಟು, ಪ್ಲಗ್ ಹಾಕಿ, ಫ್ಯೂಸ್ ಸಿಕ್ಕಿಸಿ ಸ್ಟಾರ್ಟ್ ಮಾಡಿ. ಸ್ವಲ್ಪ ಹೊತ್ತು ದಟ್ಟ ಹೊಗೆ ಬರುತ್ತದೆ, ಹೆದರಬೇಡಿ. ಶೆಡ್ಡಿನ ಬಾಗಿಲು ಮಾತ್ರ ತೆರೆದಿಡಿ.