ಜವಾರಿ ಮೊಟ್ಟೆಯ ಭ್ರೂಣದಲ್ಲಿ ಪ್ಯಾಕ್ಸ್6 ಹುಡುಕಿದ ಅನುಭವ

ಪ್ಯಾಕ್ಸ್6 ಎಂದರೆ ಕಣ್ಣು ಕಟ್ಟುವ ವಂಶವಾಹಿ ಎಂದು ಹಲವು ವರ್ಷ ಪಾಠ ಮಾಡಿದ್ದೆ. ಅದರ ಪ್ರೋಟೀನು ಬೇರೆ ವಂಶವಾಹಿಗಳನ್ನು ಚಾಲೂ ಅಥವಾ ಬಂದ್ ಮಾಡುವ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಅದು ರೆಟಿನಾದ (ಕಣ್ಣಿನ ಹಿಂಭಾಗದ, ಬೆಳಕು ಗ್ರಹಿಸುವ ಪರದೆ) ಯಾವ ಕೋಶದಲ್ಲಿ ಯಾವಾಗ ಇರುತ್ತದೆ ಎಂಬುದನ್ನು ಕಣ್ಣಾರೆ ಕಂಡದ್ದು ಮಾತ್ರ ಕಲಬುರಗಿಯಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳ ಜೊತೆ ಕೋಳಿ ಭ್ರೂಣಗಳ ಮೇಲೆ ಕೆಲಸ ಮಾಡಿದಾಗ.

ಅಂಗಡಿಯ ಫಾರಂ ಮೊಟ್ಟೆಯಲ್ಲಿ ಭ್ರೂಣವಿರುವುದಿಲ್ಲವಾದ್ದರಿಂದ ಆಳಂದ ಕಡೆಯ ಹಳ್ಳಿಗಳಿಂದ ಜವಾರಿ ಕೋಳಿಯ ಮೊಟ್ಟೆ ತರಿಸಿದೆವು. ಇಲ್ಲಿಯ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್ ತಿಂಗಳು ಅದು. 37.5 ಡಿಗ್ರಿಯ ಇನ್‌ಕ್ಯುಬೇಟರಿಗೆ ಇಡುವ ಮೊದಲೇ ಕೆಲವು ಭ್ರೂಣಗಳು ಬುಟ್ಟಿಯಲ್ಲಿಯೇ ಬೆಳೆಯತೊಡಗಿದ್ದವು, ಕೆಲವು ಸತ್ತಿದ್ದವು. ಹೀಗಾಗಿ ದಿನ ಎಣಿಸುವುದನ್ನು ಬಿಟ್ಟು, ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ಎಂಬ ವಿಜ್ಞಾನಿಗಳು 1951ರಲ್ಲಿ ಪ್ರಕಟಿಸಿದ, ಕೋಳಿ ಭ್ರೂಣದ ಬೆಳವಣಿಗೆಯ 46 ಹಂತಗಳ ಪಟ್ಟಿಗೆ ರೆಕ್ಕೆ, ಕಾಲುಗಳ ಆಕಾರವನ್ನು ಹೋಲಿಸಿ ವಯಸ್ಸು ಗೊತ್ತುಮಾಡಿಕೊಂಡೆವು.

ಮೊದಲ ಸಲ ಪ್ಯಾಕ್ಸ್6 ಪ್ರೋಟೀನಿಗೆ ಅಂಟುವ ಆಂಟಿಬಾಡಿ ಹಾಕಿ, ಅದು ಅಂಟಿದ ಕಡೆ ಕಂದು ಬಣ್ಣ ಕೊಡುವ ಡಿಎಬಿ ಎಂಬ ರಾಸಾಯನಿಕದಿಂದ ಬಣ್ಣ ಬರಿಸಿದಾಗ ರೆಟಿನಾದ ಹೊರಗಿನ ಪದರವೇ ಎಲ್ಲಕ್ಕಿಂತ ಗಾಢ ಕಂದಾಗಿ ಕಂಡಿತು. "ಮೇಡಂ, ಪ್ಯಾಕ್ಸ್6 ಇಲ್ಲೇ ಜಾಸ್ತಿ ಅದ ನೋಡ್ರಿ" ಎಂದು ಒಬ್ಬಳು ಹಿಗ್ಗಿದಳು. ನಾನೂ ಅರ್ಧ ದಿನ ನಂಬಿದ್ದೆ. ಆಂಟಿಬಾಡಿ ಹಾಕದ ಸ್ಲೈಡಿನಲ್ಲೂ ಅದೇ ಕಂದು ಇತ್ತು, ಏಕೆಂದರೆ ಅದು ವರ್ಣಕ ಪದರದಲ್ಲಿ ಸಹಜವಾಗಿಯೇ ಇರುವ ಮೆಲನಿನ್ ಎಂಬ ಕಪ್ಪು-ಕಂದು ಬಣ್ಣ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಡಿಎನ್‌ಎಗೆ ಅಂಟಿಕೊಂಡು ಕೆಲಸ ಮಾಡುವುದರಿಂದ ಅದರ ಬಣ್ಣ ಕೋಶಕೇಂದ್ರದಲ್ಲಿ ದುಂಡಗೆ ಕೂರಬೇಕು; ಸುತ್ತಲೂ ಕಣಕಣವಾಗಿ ಚದುರಿದ್ದರೆ ಅನುಮಾನಿಸಬೇಕು.

ಸುಮಾರು ಆರನೆಯ ದಿನದ ಹಂತದ ಕಣ್ಣಿನ ಸೆಕ್ಷನ್ (ತೆಳು ಸೀಳು) ನನಗೆ ಬಹಳ ಕಲಿಸಿತು. ರೆಟಿನಾ ನಡುವಿನಿಂದ ಅಂಚಿನ ಕಡೆಗೆ ಬಲಿಯುತ್ತ ಹೋಗುವುದರಿಂದ, ಅಂಚಿನಲ್ಲಿ ಇನ್ನೂ ವಿಭಜಿಸುತ್ತಿದ್ದ, ಮುಂದೆ ಬೇರೆ ಬೇರೆ ಬಗೆಯ ಕೋಶಗಳಾಗುವ ಪೂರ್ವಜ ಕೋಶಗಳಲ್ಲೆಲ್ಲ ಬಣ್ಣವಿತ್ತು; ನಡುವೆ, ಎಲ್ಲಕ್ಕಿಂತ ಮೊದಲು ಹುಟ್ಟುವ, ಮಿದುಳಿಗೆ ಸಂದೇಶ ಕಳಿಸುವ ಗ್ಯಾಂಗ್ಲಿಯಾನ್ ಕೋಶಗಳ ಸಾಲು ಗಾಢವಾಗಿತ್ತು. ಹದಿನೆಂಟನೆಯ ದಿನದ ಹೊತ್ತಿಗೆ ಬಣ್ಣ ಗ್ಯಾಂಗ್ಲಿಯಾನ್ ಕೋಶಗಳಲ್ಲಿ ಮತ್ತು ರೆಟಿನಾದೊಳಗೇ ಸಂದೇಶ ಹೊಂದಿಸುವ ಅಮಾಕ್ರಿನ್, ಹಾರಿಜಾಂಟಲ್ ಕೋಶಗಳಲ್ಲಿ ಉಳಿದು, ಬೆಳಕು ಹಿಡಿಯುವ ಕೋಶಗಳ ಪದರ ಬರಿದಾಗಿತ್ತು. ಒಂದು ಪ್ರೋಟೀನಿಗೆ ಒಂದು ಬಗೆಯ ಕೋಶ ಎಂಬ ನನ್ನ ಪಾಠದ ಲೆಕ್ಕ ಅಲ್ಲಿ ತಪ್ಪಿತು.

ಇಲಿಯ ರೆಟಿನಾದ ಪೂರ್ವಜ ಕೋಶಗಳಿಂದ ಪ್ಯಾಕ್ಸ್6 ತೆಗೆದರೆ ಅಮಾಕ್ರಿನ್ ಕೋಶಗಳಷ್ಟೇ ಹುಟ್ಟುತ್ತವೆ ಎಂದು 2001ರಲ್ಲಿ ಪ್ರಕಟವಾದ ಪ್ರಯೋಗವನ್ನು ಆಮೇಲೆ ಮತ್ತೆ ಓದಿದೆ. ಪೂರ್ವಜ ಕೋಶಕ್ಕೆ ಹಲವು ದಾರಿಗಳನ್ನು ತೆರೆದಿಡುವುದು ಪ್ಯಾಕ್ಸ್6ರ ಕೆಲಸ. ಮುಂದೆ ಗ್ಯಾಂಗ್ಲಿಯಾನ್ ಆಗಲು ಆಟೋ7, ಬೆಳಕು ಹಿಡಿಯುವ ಕೋಶವಾಗಲು ಓಟಿಎಕ್ಸ್2 ಎಂಬ ಬೇರೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು ಬೇಕಾಗುತ್ತವೆ. ಬರಿದಾಗಿ ಕಂಡ ಆ ಪದರಕ್ಕೆ ಓಟಿಎಕ್ಸ್2 ಆಂಟಿಬಾಡಿ ಹಾಕುವ ಕೆಲಸವನ್ನು, ಮೊಟ್ಟೆಗಳನ್ನು ತಂಪು ಹೊತ್ತಿನಲ್ಲಿ ತರಬಹುದಾದ ಡಿಸೆಂಬರಿಗೆ ಇಟ್ಟುಕೊಂಡಿದ್ದೇವೆ.