ಲಾಕ್‌ಡೌನ್ ವರ್ಷದ ಖಾತ್ರಿ ಕೆಲಸ: ಹೆಂಗಸರ ದಿನ ಉಳಿಸಿಕೊಂಡ ಬಗೆ

2020ರಲ್ಲಿ ನಾನು ಕೊಪ್ಪಳ ಜಿಲ್ಲೆಯ ಒಂದು ಊರಲ್ಲಿ ಉದ್ಯೋಗ ಖಾತ್ರಿಯ ಕಾಯಕ ಬಂಧು, ಅಂದರೆ ಕೂಲಿಕಾರರ ಗುಂಪಿನ ಮೇಟಿ ಆಗಿದ್ದೆ. ಲಾಕ್‌ಡೌನಿಗೆ ನಿಂತಿದ್ದ ಕೆಲಸ ಏಪ್ರಿಲ್ ಕೊನೆಗೆ ಮತ್ತೆ ಶುರುವಾಯಿತು. ದಿನಗೂಲಿ 249ರಿಂದ 275 ರೂಪಾಯಿಗೆ ಏರಿತ್ತು. ಹೊಲದಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ನಮ್ಮ ಕಡೆ ಮಾಮೂಲು. ಖಾತ್ರಿಯಲ್ಲಿ ಆ ಭೇದ ಇರಲಿಲ್ಲ.

ತಕರಾರು ಬೇರೆ ಕಡೆಯಿಂದ ಬಂತು. ಬೆಂಗಳೂರಿಗೆ ದುಡಿಯಲು ಹೋಗಿದ್ದ ಗಂಡಸರೆಲ್ಲ ವಾಪಸ್ ಬಂದರು. ಆಗ ವರ್ಷಕ್ಕೆ ನೂರು ದಿನದ ಕೆಲಸ ಇದ್ದದ್ದು ಮನೆಗೆ, ಆಳಿಗಲ್ಲ. ಗಂಡ, ಮೈದುನ ಎಲ್ಲರೂ ಬುಟ್ಟಿ ಗುದ್ದಲಿ ಹಿಡಿದು ಹೊರಟರೆ ಹೆಂಗಸಿಗೆ ಉಳಿಯುವುದೇನು? ಕೆಲಸ ಪಡೆದವರಲ್ಲಿ ಮೂರನೇ ಒಂದು ಪಾಲಾದರೂ ಹೆಂಗಸರಿರಬೇಕು ಅನ್ನುತ್ತಿತ್ತು ಆಗಿನ ಕಾನೂನು. ಆದರೆ ಒಂದೇ ಮನೆಯೊಳಗೆ ಯಾರು ಹೋಗಬೇಕು ಅಂತ ಅದು ಹೇಳುತ್ತಿರಲಿಲ್ಲ ಅಲ್ವಾ?

ಮನೆಮನೆಗೆ ಹೋದರೆ ಗಂಡಸರೇ ಮುಂದೆ ಬಂದು ಮಾತಾಡುತ್ತಾರೆ. ಅದಕ್ಕೇ ಕೆಲಸ ಕೇಳುವ ಅರ್ಜಿ ನಮೂನೆ 6 ಹಿಡಿದು ಸಂಘದ ಹೆಂಗಸರನ್ನು ಗುಡಿ ಕಟ್ಟೆಯ ಮೇಲೆ ದೂರ ದೂರ ಕೂರಿಸಿ ಹೆಸರು ಬರೆಸಿಕೊಂಡೆ. ಪಂಚಾಯ್ತಿಯಲ್ಲಿ ತಾರೀಖು ಹಾಕಿದ ರಸೀದಿ ಕೈಗೆ ಬರುವವರೆಗೂ ಏಳುತ್ತಿರಲಿಲ್ಲ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ರಸೀದಿ ಇಲ್ಲದಿದ್ದರೆ ಅರ್ಜಿ ಯಾವತ್ತು ಕೊಟ್ಟಿರಿ ಅನ್ನುವುದಕ್ಕೇ ಸಾಕ್ಷಿ ಇರುತ್ತಿರಲಿಲ್ಲ. ಕೂಲಿ ಅವರವರ ಹೆಸರಿನ ಖಾತೆಗೇ ಬೀಳುವಂತೆಯೂ ಮಾಡಿಸಿದೆವು.

ಕೆಲಸದ ಜಾಗಕ್ಕೆ ಐದು ಅಥವಾ ಜಾಸ್ತಿ ಚಿಕ್ಕ ಮಕ್ಕಳು ಬಂದರೆ ನೋಡಿಕೊಳ್ಳಲು ಒಬ್ಬಳನ್ನು ಬಿಡಬೇಕಿತ್ತು, ಅವಳಿಗೂ ಪೂರ್ತಿ ಕೂಲಿ. "ಸುಮ್ನೆ ಕೂತವಳಿಗೆ ಯಾಕೆ?" ಅಂತ ಜೊತೆಯವರೇ ಗೊಣಗಿದರು. ಆಕೆ ಬೇವಿನ ಮರಕ್ಕೆ ಸೀರೆ ಕಟ್ಟಿ ಒಂದು ಕೂಸು ತೂಗುತ್ತಾ, ಉಳಿದವು ಹೊಂಡದ ಕಡೆ ಓಡದಂತೆ ಕಾಯುತ್ತಿದ್ದಳು. ನಾನು ಅವಳ ಹಾಜರಿಯನ್ನೇ ಮೊದಲು ಹಾಕುತ್ತಿದ್ದೆ.

ಜಾಸ್ತಿ ಓಡಾಡಿಸಿದ್ದು ವಿಧವೆಯರ, ಗಂಡ ಬಿಟ್ಟವರ ಕಾರ್ಡು. ಅವರ ಹೆಸರು ಅಣ್ಣನ ಇಲ್ಲವೇ ಮಾವನ ಜಾಬ್ ಕಾರ್ಡಿನಲ್ಲಿ ಇರುತ್ತಿತ್ತು. ಒಬ್ಬಳ ಮಾವ, "ಒಂದೇ ಮನೆಗೆ ಎರಡು ಕಾರ್ಡ್ ಯಾಕವ್ವಾ?" ಅಂದರು. ಆಗಿನ ಕಾನೂನಿನ ಲೆಕ್ಕದಲ್ಲಿ ಒಟ್ಟಿಗೆ ಇದ್ದು ಒಟ್ಟಿಗೆ ಉಣ್ಣುವವರು ಒಂದು ಮನೆ. ಈಕೆ ದನದ ಕೊಟ್ಟಿಗೆಯ ಪಕ್ಕ ಬೇರೆ ಒಲೆ ಹೂಡಿ, ಮಗಳ ಜೊತೆ ಬೇರೆಯೇ ಉಣ್ಣುತ್ತಿದ್ದಳು. ಪಂಚಾಯ್ತಿಯವರನ್ನು ಕರೆತಂದು ಆ ಒಲೆಯನ್ನೇ ತೋರಿಸಿದೆ. ಬೂದಿ ಇನ್ನೂ ಬಿಸಿ ಇತ್ತು. ಬರೆದುಕೊಂಡು ಹೋದರು, ಕಾರ್ಡ್ ಬಂತು, ಅವಳ ಪಾಲಿಗೆ ಬೇರೆ ನೂರು ದಿನ. ಮಾವ ಮುಂಗಾರು ಬಿತ್ತನೆ ಮುಗಿಯುವವರೆಗೂ ನನ್ನ ಜೊತೆ ಮಾತು ಬಿಟ್ಟಿದ್ದರು.